ಕುಪ್ಪೇಲೂರು ದಾರಿಯ ಉಬ್ಬುಗಳು

ರಾಣೆಬೆನ್ನೂರಿನಿಂದ ಕುಪ್ಪೇಲೂರಿಗೆ ಹೋಗುವ ದಾರಿಯಲ್ಲಿ ಎಷ್ಟು ಉಬ್ಬುಗಳಿವೆ, ಎಷ್ಟು ತಗ್ಗುಗಳಿವೆ ಎಂಬುದು ಆ ರಸ್ತೆ ಮಾಡಿದವರಿಗೆ ಗೊತ್ತಿದೆಯೋ ಇಲ್ಲವೋ, ನನಗಂತೂ ಅವು ಅಂಗೈಯ ರೇಖೆಗಳಷ್ಟು ಪರಿಚಿತ. ಹಾಗೆಂದು ನಾನೇನೂ ಭೂಗೋಳ ತಜ್ಞನಲ್ಲ. ಪೇಟೆಯಲ್ಲಿ ಬೀಜದಂಗಡಿ ಇಟ್ಟುಕೊಂಡ ಸಾಮಾನ್ಯ ಗೃಹಸ್ಥ. ಈ ಜ್ಞಾನ ನನಗೆ ದಾಂಪತ್ಯದಿಂದ ಲಭಿಸಿತು.

ನನ್ನ ಹೆಂಡತಿ ಶೈಲಾ ಕುಪ್ಪೇಲೂರಿನಲ್ಲಿ ಶಾಲಾ ಶಿಕ್ಷಕಿ. ದಿನವೂ ಸ್ಕೂಟಿಯ ಮೇಲೆ ಹೋಗಿ ಬರುವವಳು. ಮೂರು ವರ್ಷಗಳ ಹಿಂದೆ ಒಂದು ಸಂಜೆ ಗಾಡಿ ಕುಲುಕಿದಾಗ, ಯಾರ ಮೇಲಾದರೂ ಹಾಯಿಸಿಬಿಟ್ಟೆನೇ ಎಂಬ ಸಂಶಯ ಅವಳಿಗೆ ಬಂತು. ಹಿಂದಿರುಗಿ ಹೋಗಿ ನೋಡಿದಳು, ಯಾರೂ ಇರಲಿಲ್ಲ. ಮರುದಿನ ಇನ್ನೊಂದು ತಗ್ಗಿನಲ್ಲಿ ಅದೇ ಸಂಶಯ. ಕೆಲವೇ ತಿಂಗಳಲ್ಲಿ ಪ್ರತಿ ಕುಲುಕಾಟಕ್ಕೂ ಒಬ್ಬ ಕಾಲ್ಪನಿಕ ಗಾಯಾಳು ಹುಟ್ಟಿಕೊಂಡು, ಅರ್ಧ ತಾಸಿನ ದಾರಿ ಎರಡು ತಾಸು ಹಿಡಿಯತೊಡಗಿತು. ಮನೆಗೆ ಬಂದ ಮೇಲಾದರೂ ಬಿಡುಗಡೆಯೇ? "ಖರೇ ಯಾರಿಗೂ ಏನೂ ಆಗಿಲ್ಲಲ್ರಿ?" ಎಂದು ಕೇಳಿದ್ದನ್ನೇ ಕೇಳುವಳು. ನಾನು ಇಲ್ಲ ಎನ್ನುವೆ. ಅದು ಸಾಲದಾದರೆ ಬೈಕು ಹತ್ತಿ ಹೋಗಿ, ಉಬ್ಬು ಉಬ್ಬಿಗೂ ಇಳಿದು ಪಂಚನಾಮೆ ಮಾಡಿ ಬಂದು, ಒಂದು ಕೋಳಿಗೂ ಪೆಟ್ಟಾಗಿಲ್ಲವೆಂದು ವರದಿ ಒಪ್ಪಿಸುವೆ. ಇಂಥ ಪತಿ ಊರಿಗೊಬ್ಬನೇ ಎಂದು ಆ ಉಬ್ಬುಗಳಿಗಿಂತ ಹೆಚ್ಚು ಉಬ್ಬಿಹೋದವನು ನಾನೇ. ಅವಳ ಕೈಯಿಂದ ಇರುವೆಯೂ ಸಾಯುವುದಿಲ್ಲ ಎಂದು ನನ್ನ ಅವ್ವನೂ ದಿನಕ್ಕೆ ಹತ್ತು ಸಲ ಸಮಾಧಾನ ಹೇಳುತ್ತಿದ್ದಳು. ಆದರೆ ನಮ್ಮ ಸಮಾಧಾನಗಳ ಆಯುಷ್ಯ ಕುಗ್ಗುತ್ತ ಬಂದು, ಮೊದಮೊದಲು ಒಂದು ದಿನ ಬಾಳುತ್ತಿದ್ದ ಮಾತು ಕಡೆಗೆ ಐದು ನಿಮಿಷವೂ ಬಾಳದಾಯಿತು. ಕೊನೆಗೆ ಶೈಲಾ ಸ್ಕೂಟಿಯ ಕೀಲಿಕೈಯನ್ನು ಅವ್ವನ ಕೈಗಿಟ್ಟು, ಇನ್ನು ಗಾಡಿ ಮುಟ್ಟುವುದಿಲ್ಲ ಎಂದಳು.

ಮೂವರೂ ಹಾವೇರಿಗೆ, ಒಬ್ಬ ಮನೋವೈದ್ಯೆಯ ಬಳಿಗೆ ಹೋದೆವು. ಇದು ಗೀಳು ಎಂಬ ಕಾಯಿಲೆ, ಶೈಲಾಳ ಹಟವೂ ಅಲ್ಲ, ತಪ್ಪೂ ಅಲ್ಲ, ಔಷಧಿಯಿಂದಲೂ ಅಭ್ಯಾಸದಿಂದಲೂ ಹತೋಟಿಗೆ ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನನ್ನ ಪಂಚನಾಮೆಗಳ ಪುರಾಣವನ್ನೂ ತಾಳ್ಮೆಯಿಂದ ಕೇಳಿದರು.

"ನೀವು ಪ್ರೀತಿಲೆ ಮಾಡೀರಿ, ಅದು ಖರೇ. ಆದ್ರ ನಿಮ್ಮ ಉತ್ತರ ಮುಟ್ಟೂದು ಇವರಿಗಲ್ಲ, ಇವರ ಗೀಳಿಗೆ. ಉಣಿಸಿದಷ್ಟೂ ಅದು ಬೆಳೀತೈತಿ."

ಶಹಭಾಸ್‌ಗಿರಿ ಸಿಗಬಹುದೆಂದು ಕಾದಿದ್ದ ನಾನು ಕುರ್ಚಿಯಲ್ಲೇ ಕುಗ್ಗಿದೆ. ಬೈಯುವುದೂ ಬೇಡ, ಭರವಸೆ ಕೊಡುವುದೂ ಬೇಡ, ಶೈಲಾಳ ಒಪ್ಪಿಗೆಯಿಂದಲೇ ಹಂತಹಂತವಾಗಿ ಉತ್ತರ ಕಡಿಮೆ ಮಾಡಿ ಎಂದರು. ಮನೆಗೆ ಬಂದು ಮೂವರೂ ಕೂಡಿ ಒಂದು ಮಾತು ಗೊತ್ತುಮಾಡಿದೆವು: "ಇದು ಗೀಳಿನ ಪ್ರಶ್ನಿ, ಉತ್ತರ ಕೊಡಂಗಿಲ್ಲ. ನಿನ್ನ ಜೋಡಿ ಕುಂದರ್ತೇನಿ." ಮಾತನ್ನೇ ಮಾರಿ ಬದುಕುವ ವ್ಯಾಪಾರಿಗೆ ಮೌನದಷ್ಟು ಕಠಿಣ ವ್ರತ ಇನ್ನೊಂದಿಲ್ಲ. ಅದನ್ನು ಮೊದಲು ಸಾಧಿಸಿದವಳು, ಓಣಿಯಲ್ಲೇ ಮಾತುಗಾತಿ ಎನಿಸಿಕೊಂಡ ನನ್ನ ಅವ್ವ. ಶೈಲಾ ಕೇಳಿದಾಗಲೆಲ್ಲ ಅದೊಂದೇ ಮಾತು ಹೇಳಿ, ಮೊರದಲ್ಲಿ ಶೇಂಗಾ ತಂದು ನಡುವೆ ಇಡುವಳು. ಸೊಸೆಯ ಸಂಕಟ ಇಳಿಯುವವರೆಗೂ ಅತ್ತೆ ಸೊಸೆ ಕೂತು ಶೇಂಗಾ ಸುಲಿಯುವರು.

ಹಲವು ವಾರಗಳ ಮೇಲೆ ಶೈಲಾ ಕೀಲಿಕೈ ಮರಳಿ ಕೇಳಿ ಪಡೆದಳು. ಮೊದಲ ಸಂಜೆಯೇ ಬಿಳಿಚಿಕೊಂಡು ಬಂದು ಅವ್ವನ ಪಕ್ಕ ಕೂತವಳ ಸಂಕಟ ನೋಡಲಾಗದೆ, ನಾನು ಅಂಗಡಿಯ ನೆಪ ಹೇಳಿ ಕದ್ದು ಬೈಕು ಹತ್ತಿದೆ. ಹೌದು, ಚೇತರಿಸಿಕೊಳ್ಳುತ್ತಿದ್ದವಳು ಅವಳು, ಹಳೇ ಚಾಳಿಗೆ ಜಾರಿದವನು ನಾನು. ದಾರಿ ನೋಡಿ ಬಂದವನ ಮುಖವನ್ನು ಅವಳು ಬಾಗಿಲಲ್ಲೇ ಓದಿದಳು.

"ನೋಡಿ ಬಂದೀರಿ, ಹೌದಿಲ್ಲೋ?"

ನಾನು ತಲೆ ತಗ್ಗಿಸಿದೆ. ಒಂದೇ ಮಾತು ಆಡಿದ್ದರೆ ಅವಳ ಸಂಕಟ ಆ ಕ್ಷಣಕ್ಕೆ ಇಳಿಯುತ್ತಿತ್ತು. ಅವಳು ಕೈಯೆತ್ತಿ ತಡೆದಳು.

"ಹೇಳಬ್ಯಾಡ್ರಿ. ಇಷ್ಟೊತ್ತು ತಡಕೊಂಡೇನಿ, ಇನ್ನೂ ತಡಕೋತೇನಿ."

ಓದುಗ ಮಿತ್ರರೇ, ಧೈರ್ಯವೆಂದರೆ ಎದೆ ಸೆಟೆಸಿ ನಿಲ್ಲುವುದೆಂದು ತಿಳಿದಿದ್ದವನಿಗೆ, ನಡುಗುತ್ತ ಕೂತಿರುವುದೂ ಧೈರ್ಯವೆಂದು ಅಂದು ತಿಳಿಯಿತು. ಅವಳ ಪಕ್ಕ ಕೂತು ನಾನೂ ಶೇಂಗಾ ಸುಲಿದೆ. ಬಾಯಿ ಮಾತ್ರ ಬಿಡಲಿಲ್ಲ.

ಕಳೆದ ತಿಂಗಳು ಬ್ಯಾಡಗಿಯಲ್ಲಿ ನನ್ನ ತಂಗಿಯ ಹೊಸ ಮನೆಯ ವಾಸ್ತುಶಾಂತಿ. ನಾನು ಮುಂಚಿನ ದಿನವೇ ಹೋಗಿದ್ದೆ. ಅವ್ವನನ್ನು ಸ್ಕೂಟಿಯ ಮೇಲೆ ತಾನೇ ಕರೆತರುವೆನೆಂದು ಶೈಲಾ ಹಟ ಹಿಡಿದಿದ್ದಳು. ಬ್ಯಾಡಗಿ ಸಮೀಪಿಸಿದಾಗ ಗಾಡಿ ಜೋರಾಗಿ ಕುಲುಕಿತಂತೆ. ಶೈಲಾ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಏನೂ ಕೇಳದೆ ಸುಮ್ಮನೆ ಉಸಿರು ಬಿಡುತ್ತಿದ್ದಳಂತೆ. ಅವ್ವನೂ ಏನೂ ಹೇಳದೆ ಅವಳ ಹೆಗಲ ಮೇಲೆ ಕೈಯಿಟ್ಟು ಕೂತಿದ್ದಳಂತೆ. ಸ್ವಲ್ಪ ಹೊತ್ತಾದ ಮೇಲೆ ಗಾಡಿ ಮುಂದಕ್ಕೇ ಹೊರಟಿತು.

ಇದನ್ನು ಕೇಳಿ ಕಣ್ತುಂಬಿದ ನಾನು, ಸಂಜೆ ಮನೆಗೆ ಮರಳುವಾಗಲಾದರೂ ಇಬ್ಬರೂ ಆರಾಮಾಗಿ ಕೂತು ಬರಲೆಂದು ಕಾರು ಗೊತ್ತುಮಾಡುವ ಮಾತೆತ್ತಿದೆ. ಅವ್ವ ಸೀರೆಯ ಧೂಳು ಕೊಡವುತ್ತ, ಪಡಸಾಲೆಯಲ್ಲಿದ್ದ ಬೀಗರಿಗೆಲ್ಲ ಕೇಳುವಂತೆ ಅಂದಳು:

"ಕಾರಿನ್ಯಾಗ ನೀ ಬಾ. ನಾ ನನ್ನ ಸೊಸಿ ಗಾಡಿ ಮ್ಯಾಲ ಬಂದೇನಿ, ಆಕಿ ಗಾಡಿ ಮ್ಯಾಲೇ ಹೋಗ್ತೇನಿ."