ಡ್ರೈವರ್ ಇಲ್ಲದ ಬಸ್ಸಿನಲ್ಲಿ ನೀರು ಕೊಟ್ಟದ್ದು

ಯುದ್ಧ ಮುಗಿದ ಮರುವರ್ಷ, ಹಾನಗಲ್ಲಿನಿಂದ ಸವಣೂರಿಗೆ ಹೋಗುವ, ಪೆಟ್ರೋಲಿನ ಬದಲು ಇದ್ದಿಲಿನ ಅನಿಲದಿಂದ ಓಡುವ ಬಸ್ಸಿನಲ್ಲಿ ನಾನು ನೀರು ಕೊಡುವ ಕೆಲಸಕ್ಕೆ ಸೇರಿದೆ. ಬಸ್ಸಿನ ಸಾಹುಕಾರರು ಮುಂಬಯಿಯಲ್ಲಿ ಕೇಳಿ ಬಂದಿದ್ದರು: ವಿಮಾನದಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ನೀರು, ಪೆಪ್ಪರಮಿಂಟು ಕೊಡುತ್ತಾಳಂತೆ, ಅದರಿಂದ ಒಳಗಿನವರಿಗೆ ಅಂಜಿಕೆಯೇ ಆಗುವುದಿಲ್ಲವಂತೆ. ತಮ್ಮ ಬಸ್ಸೇನು ಕಡಿಮೆ ಎನಿಸಿತು ಅವರಿಗೆ. ಬಸ್ಸು ಓಡಿಸುತ್ತಿದ್ದವರು ನನ್ನ ಯಜಮಾನರು, ಟಿಕೀಟು ಹರಿಯುವವರೂ ಅವರೇ. ಗಂಡ ಜೊತೆಗಿರುತ್ತಾನೆಂದು ಅತ್ತೆ ಒಪ್ಪಿದರು.

ಎಂಟು ದಿನ ತಾಲೀಮು ನಡೆಯಿತು. ಸಾಹುಕಾರರ ಅಂಗಳದಲ್ಲಿ ನಿಲ್ಲಿಸಿದ ಚಕ್ಕಡಿಯನ್ನು ನಾಲ್ಕು ಆಳುಗಳು ಅಲುಗಾಡಿಸುತ್ತಿದ್ದರು. ನಾನು ತುಂಬಿದ ತಂಬಿಗೆ ಹಿಡಿದು ಅದರ ಮೇಲೆ ಆಚೆ ಈಚೆ ನಡೆಯಬೇಕು.

"ಏನರ ಆಗ್ಲಿ, ಓಡಬಾರ್ದು ತಂಗಿ. ನೀ ಓಡಿದ್ರ ಮಂದಿ ಅಂಜತಾರ. ಮಾರಿ ಮ್ಯಾಲ ನಗಿ ಇರ್ಲಿ," ಎನ್ನುತ್ತಿದ್ದರು ಸಾಹುಕಾರರು.

ನಾನು ಹಿರೇಕೆರೂರ ಕಡೆಯ ಒಕ್ಕಲುಮನೆಯವಳು. ಕೊಡ ಹೊತ್ತು ಕೆರೆಯ ಏರಿ ಹತ್ತಿ ಇಳಿದವಳಿಗೆ ಚಕ್ಕಡಿ ಕಷ್ಟವಾಗಲಿಲ್ಲ. ನಗುವುದೇ ಕಷ್ಟವಾಯಿತು.

ಕೆಲಸಕ್ಕೆ ಸೇರಿ ತಿಂಗಳಾಗಿರಬೇಕು. ಬಂಕಾಪುರ ಇನ್ನೂ ಎರಡು ಮೈಲಿ ಇರುವಾಗ, ಒಂದು ಇಳಿಜಾರಿನ ತಲೆಯಲ್ಲಿ ಎಂಜಿನ್ನು ಆರಿಹೋಯಿತು. ಯಜಮಾನರು ಕೈಬ್ರೇಕು ಎಳೆದು, ಬಸ್ಸಿನ ಹಿಂದಿನ ಪೀಪಾಯಿಯಲ್ಲಿದ್ದ ಇದ್ದಿಲು ಕೆದಕಲು ಇಳಿದುಹೋದರು. ಬ್ರೇಕು ಬಿಟ್ಟಿತು. ಸದ್ದಿಲ್ಲ, ಹೊಗೆಯಿಲ್ಲ, ಬಸ್ಸು ತಾನಾಗಿ ಹೊರಟಿತು.

"ಇವತ್ತ ಗಾಡಿ ಭಾಳ ಛಲೋ ಹೊಂಟೈತಿ ನೋಡ್," ಎಂದರು ಮುಂದೆ ಕಣ್ಣು ಮುಚ್ಚಿ ಕುಳಿತಿದ್ದ ಗೌಡರೊಬ್ಬರು.

ನಾನು ಹಿಂಬದಿಯಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಯಜಮಾನರು ಸಲಾಕೆ ಹಿಡಿದು ಓಡಿಬರುತ್ತಿದ್ದರು. ಆದರೂ ನಡೆದೇ ಮುಂದೆ ಹೊರಟೆ. ನಡುವೆ, ಹುಲಗೂರಿಗೆ ಹರಕೆ ಒಪ್ಪಿಸಲು ಹೊರಟಿದ್ದ ಮುದುಕಿಯೊಬ್ಬಳು ನೀರು ಕೇಳಿದಳು. ಇಲ್ಲವೆಂದರೆ ಕಾರಣ ಹೇಳಬೇಕಾಗುತ್ತದೆ, ಬಗ್ಗಿ ಕೊಟ್ಟೆ. ಅವಳು ನಿಧಾನವಾಗಿ ಕುಡಿದಳು.

"ಡ್ರೈವರ್ ಎಲ್ಲಿ ಹ್ವಾದ ಯವ್ವಾ?"

"ಹಿಂದ ಬರಾಕತ್ತಾರಬೇ."

ಮುಂದೆ ಹೋಗಿ, ಖಾಲಿ ಸೀಟು ಯಾರಿಗೂ ಕಾಣದಂತೆ ಸೆರಗು ಹರಡಿ ಅಡ್ಡ ನಿಂತೆ. ಒಂದು ಕೈ ಬೆನ್ನ ಹಿಂದೆ ಸ್ಟೇರಿಂಗಿನ ಮೇಲೆ. ಬ್ರೇಕು ಯಾವುದೆಂದು ನನಗೆ ಗೊತ್ತಿರಲಿಲ್ಲ. ರಸ್ತೆ ನೆಟ್ಟಗಿದ್ದದ್ದು ನಮ್ಮ ಪುಣ್ಯ. ಬಸ್ಸು ಇಳಿಜಾರು ಮುಗಿಸಿ ಎದುರಿನ ಏರು ಅರ್ಧ ಹತ್ತಿತು, ನಿಂತಿತು, ಹಿಂದಕ್ಕೆ ಹೊರಟಿತು. ಆಗಷ್ಟೇ ತಗ್ಗಿಗೆ ಬಂದು ಮುಟ್ಟಿದ್ದ ಯಜಮಾನರು ಪಕ್ಕಕ್ಕೆ ಹಾರಿ, ತಿರುಗಿ ಅದರ ಬೆನ್ನು ಹತ್ತಿದರು. ಸ್ವಲ್ಪ ಹೊತ್ತಿಗೆ ಬಸ್ಸು ಮತ್ತೆ ಮುಂದಕ್ಕೆ ಬಂತು, ಅವರೂ ಬಂದರು.

"ಈ ಹುಣಸಿಗಿಡ ಮೂರನೇ ಸಲ ಬಂತಲ್ಲವಾ," ಎಂದರು ಗೌಡರು.

"ಹೌದ್ರಿ. ಪೆಪ್ಪರಮಿಂಟ್ ತಗೋರಿ."

ತೊಟ್ಟಿಲಿನಂತೆ ತೂಗಿ ತೂಗಿ ಕೊನೆಗೆ ಬಸ್ಸು ತಗ್ಗಿನಲ್ಲಿ ನಿಂತಿತು. ಯಜಮಾನರು ಏದುಸಿರು ಬಿಡುತ್ತ ಹತ್ತಿದರು. ಅವರಿಗೂ ನೀರು ಕೊಟ್ಟೆ.

"ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದು ಗೌಡರು ಅವರನ್ನು ಗದರಿಸಿದರು.

ಸವಣೂರಿನಲ್ಲಿ ಎಲ್ಲರೂ ಇಳಿದ ಮೇಲೆ ನಾನು ಬಸ್ಸಿನ ಮರೆಗೆ ಹೋಗಿ ವಾಂತಿ ಮಾಡಿದೆ. ಯಜಮಾನರು ಬೆನ್ನು ಸವರಿದರು.

"ಅಂಜಿದ್ದ್ಯಾ?"

"ಹ್ಞೂಂ."

"ನಾನೂ," ಎಂದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೊಂದೇ ಸಲ.

ಸಂಜೆ ಸಾಹುಕಾರರು ಎಲ್ಲ ಕೇಳಿ ಸಿಟ್ಟಾದರು, ನನ್ನ ಮೇಲಲ್ಲ, ಯಜಮಾನರ ಮೇಲೆ.

"ನೀ ಯಾಕ ಓಡಿದಿ? ಡ್ರೈವರ್ ಓಡೂದನ್ನ ಮಂದಿ ನೋಡಿದ್ರ ನಮ್ಮ ಬಸ್ಸಿನ ಮರ್ಯಾದಿ ಏನಾಗಬೇಕು?"

ಮರುದಿನ ಬೆಳಿಗ್ಗೆ ಯಜಮಾನರು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಕೈಬ್ರೇಕು ಹೀಗೆ ಎಳೆಯಬೇಕು ಎಂದು ಜಗ್ಗಿ ತೋರಿಸಿದರು. ಹಿಡಿಯೇ ಕಿತ್ತು ಕೈಗೆ ಬಂತು. ಅದನ್ನು ತಿರುಗಿಸಿ ನೋಡಿದರು, ಹಿಡಿದುಕೊಂಡೇ ಕಮ್ಮಾರನ ಕಡೆ ನಡೆದರು. ನಾಲ್ಕು ದಿನ ಬಸ್ಸು ನಿಂತಿತು. ಐದನೆಯ ದಿನ ಇಬ್ಬರೂ ಕೆಲಸಕ್ಕೆ ಹೋದೆವು.