ಶನಿವಾರ ಹತ್ತೊಂಬತ್ತು ಜನ, ಭಾನುವಾರ ಮೂವತ್ತಮೂರು

ಪುಸ್ತಕವನ್ನು ಜೋಪಾನ ಮಾಡಿದ ಗ್ರಂಥಪಾಲಕರು ಅನೇಕರಿದ್ದಾರೆ. ಪುಸ್ತಕದ ಕಪಾಟಿನಿಂದ ಈಚೆ ಬಂದು, ಓದುವವರನ್ನೂ ಓದದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಊರಿನ ಕವಿತೆ, ಚಿತ್ರ, ಚರಿತ್ರೆಗಳನ್ನು ಯಾರು ಬೇಕಾದರೂ ಬಂದು ಕೇಳುವಂತೆ ಮಾಡಿದವರು ವಿರಳ. ಆ ವಿರಳರಲ್ಲಿ ಒಬ್ಬರಾದ, ಊರ ಗ್ರಂಥಾಲಯದ ನಮಗೆಲ್ಲರಿಗೂ ದೊಡ್ಡಕ್ಕನೆಂದೇ ಪರಿಚಿತರಾದ ಹಿರಿಯ ಗ್ರಂಥಪಾಲಕಿ, ಮೂವತ್ತೊಂದು ವರ್ಷಗಳ ಸೇವೆಯ ನಂತರ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ.

ಅವರು ಸೇರಿದ್ದು ಪುಸ್ತಕ ಎರವಲು ಕೊಡುವ ಮೇಜಿಗೆ. ಮಹಡಿಯ ಸಭಾಂಗಣದಲ್ಲಿ ಆಗ ಮುರಿದ ಮೇಜುಗಳಿದ್ದವು. ಅವನ್ನು ತೆಗೆಸಿ, ಸುಣ್ಣ ಹೊಡೆಸಿ, ಎರಡನೆಯ ವರ್ಷ ಮೊದಲ ಕವಿತಾ ವಾಚನ ಏರ್ಪಡಿಸಿದರು. ಬಂದವರು ಆರು ಜನ. ಎಂಬತ್ತು ಕುರ್ಚಿಗಳ ಮುಂದೆ ನಿಂತ ಕವಿಯ ದನಿ ಎರಡನೆಯ ಪದ್ಯಕ್ಕೇ ಇಳಿದುಹೋಯಿತು. ಅಂದಿನಿಂದ ಅವರು ಇಪ್ಪತ್ತೇ ಕುರ್ಚಿ ಹಾಕಿಸುತ್ತಾರೆ. ಉಳಿದವು ಪರದೆಯ ಹಿಂದೆ ಒಂದರ ಮೇಲೊಂದು ಕಾಯುತ್ತಿರುತ್ತವೆ. ಜನ ಬಂದಂತೆ ಅಟೆಂಡರ್ ಒಂದೊಂದಾಗಿ ಹೊರಗೆ ತರುತ್ತಾನೆ. ಕಾರ್ಯಕ್ರಮ ಆರಕ್ಕಾದರೆ ಐದಕ್ಕೇ, ಜನ ಬರುತ್ತಾರೋ ಇಲ್ಲವೋ ಎಂದು ದೊಡ್ಡಕ್ಕನ ಕಿವಿಯೆಲ್ಲ ಮೆಟ್ಟಿಲ ಕಡೆಗಿರುತ್ತದೆ. ಮೂವತ್ತು ವರ್ಷಗಳ ಅನುಭವ ಈ ಅಳುಕನ್ನು ಒಂದಿಷ್ಟೂ ಕಡಿಮೆ ಮಾಡಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಅವರ ಉಪಕಾರಗಳು ಸದ್ದಿಲ್ಲದವು. ಕವಿತೆ ಬರೆಯುತ್ತಿದ್ದ, ಮಾತು ತೊದಲುತ್ತಿದ್ದ ವಿದ್ಯುತ್ ಕೆಲಸಗಾರನೊಬ್ಬನಿಗೆ ವಾಚನಕ್ಕೆ ಮುನ್ನ ಹನ್ನೊಂದು ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಒಬ್ಬರೇ ಶ್ರೋತೃವಾಗಿ ಕುಳಿತರು. ಗಂಡನನ್ನು ಕಳೆದುಕೊಂಡು ಮೂರು ತಿಂಗಳ ಮೇಲೆ ಕೆಲಸಕ್ಕೆ ಮರಳಿದ ಸಹಾಯಕಿಯೊಬ್ಬಳಿಗೆ ಸಮಾಧಾನದ ಮಾತೇನೂ ಹೇಳಲಿಲ್ಲ. ಬಾಗಿಲ ಬಳಿ ಕೂತು ಬಂದವರ ಹೆಸರು ಬರೆದುಕೊಂಡರೆ ಸಾಕು ಎಂದರು. ಬರುವವರು ಹೆಸರು ಹೇಳಿ ಒಳಗೆ ಹೋಗುತ್ತಾರೆ, ಬೇರೇನೂ ಕೇಳುವುದಿಲ್ಲ. ಆಗ ಅವಳ ಕೈಲಾಗುತ್ತಿದ್ದ ಕೆಲಸ ಅದೊಂದೇ.

ಏಳು ವರ್ಷಗಳ ಹಿಂದೆ ಆಡಳಿತ ಕಚೇರಿಯಿಂದ ಒಂದು ಪತ್ರ ಬಂತು. ಹಳೆಯ ಕಡತಗಳಿಗೆ ಜಾಗ ಸಾಲದು. ಮುಂದಿನ ಮೂರು ಕಾರ್ಯಕ್ರಮಗಳಲ್ಲಿ ಒಂದಕ್ಕಾದರೂ ಮೂವತ್ತು ಜನ ಸೇರದಿದ್ದರೆ ಸಭಾಂಗಣವನ್ನು ಕಡತಗಳಿಗೆ ಬಿಟ್ಟುಕೊಡಬೇಕು. ಚಿತ್ರಕಾರರ ಮಾತಿಗೆ ಇಪ್ಪತ್ತೆರಡು ಜನ ಬಂದರು. ಕಥಾ ವಾಚನಕ್ಕೆ ಇಪ್ಪತ್ತಾರು. ಉಳಿದದ್ದು ಒಂದು: ನಿವೃತ್ತ ಪೋಸ್ಟ್‌ಮ್ಯಾನ್, ಎಲ್ಲರ ಅಂಚೆಯಣ್ಣ, ಊರಿನ ಹಳೆಯ ಬೀದಿಗಳ ಬಗ್ಗೆ ಮಾತನಾಡುವುದು.

ಆಹ್ವಾನದ ಕಾರ್ಡನ್ನು ದೊಡ್ಡಕ್ಕ ಯಾವಾಗಲೂ ಹಳೆಯ ಕಾರ್ಡನ್ನೇ ತಿದ್ದಿ ತಯಾರಿಸುತ್ತಿದ್ದರು. ಆ ಸಲ ತಾರೀಖು ತಿದ್ದಿದರು, ವಾರ ಹಾಗೆಯೇ ಉಳಿಯಿತು. ನಾನೂರು ಕಾರ್ಡು ಅಚ್ಚಾಗಿ ಮನೆಮನೆಗೆ ಹೋದವು. ಕಾರ್ಯಕ್ರಮಕ್ಕೆ ನಾಲ್ಕು ದಿನವಿರುವಾಗ ಎದುರು ರಸ್ತೆಯ ದರ್ಜಿ ಅಜ್ಜಿ ಕಾರ್ಡು ಹಿಡಿದು ಬಂದರು.

“ಅಲ್ಲ ದೊಡ್ಡಕ್ಕ, ನಾನು ಶನಿವಾರ ಬರ್ಲೋ, ಹದಿನಾಲ್ಕನೇ ತಾರೀಖು ಬರ್ಲೋ?”

ಹದಿನಾಲ್ಕು ಭಾನುವಾರವಾಗಿತ್ತು. ಮತ್ತೆ ಅಚ್ಚು ಹಾಕಿಸಿ ಹಂಚಲು ಸಮಯವಿರಲಿಲ್ಲ. ಅರ್ಧ ಜನ ವಾರ ನೋಡುತ್ತಾರೆ, ಅರ್ಧ ಜನ ತಾರೀಖು ನೋಡುತ್ತಾರೆ. ಬರುವ ಕೆಲವರೂ ಎರಡು ಪಾಲಾಗುತ್ತಾರೆ. ಎರಡು ದಿನವೂ ನಾವೇ ಕೂತು ಚಪ್ಪಾಳೆ ಹೊಡೆಯಬೇಕಾಗುತ್ತದೆ ಎಂದು ಅಟೆಂಡರ್ ನಗಿಸಲು ನೋಡಿದ. ದೊಡ್ಡಕ್ಕ ನಗಲಿಲ್ಲ. ಒಂದು ದಿನವನ್ನು ಕೈಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ಸಲಹೆಯೂ ಬಂತು. ನಮ್ಮ ಕಾರ್ಡು ನಂಬಿ ಮಹಡಿ ಹತ್ತಿದವರು ಬೀಗ ನೋಡಿ ಇಳಿಯಬಾರದು ಎಂದು ಅವರು ಅಂಚೆಯಣ್ಣನ ಮನೆಗೆ ಹೋಗಿ, ತಪ್ಪು ತಮ್ಮದೆಂದು ಹೇಳಿ, ಎರಡೂ ದಿನ ಮಾತನಾಡಲಾಗುವುದೇ ಎಂದು ಕೇಳಿದರು.

“ಅದೇ ಬೀದೀಲಿ ದಿನಾ ಎರಡು ಸಲ ಓಡಾಡಿದವನು ನಾನು,” ಎಂದರು ಅಂಚೆಯಣ್ಣ. “ಎರಡು ಸಲ ಮಾತಾಡೋದು ಏನು ಮಹಾ, ಬಿಡಮ್ಮ.”

ಶನಿವಾರ ಹತ್ತೊಂಬತ್ತು ಜನ ಬಂದರು. ಪರದೆಯ ಹಿಂದಿನ ಒಂದು ಕುರ್ಚಿಯೂ ಹೊರಗೆ ಬರಲಿಲ್ಲ. ಹಗ್ಗದ ಬೀದಿಯಲ್ಲಿ ಹಗ್ಗ ಹೊಸೆಯುತ್ತಿದ್ದವರು ಬೆಂಕಿ ಬಿದ್ದ ವರ್ಷ ಬೀದಿ ಬಿಟ್ಟರು ಎಂದು ಅಂಚೆಯಣ್ಣ ಹೇಳುತ್ತಿದ್ದಂತೆ ದರ್ಜಿ ಅಜ್ಜಿ ಎದ್ದು ನಿಂತರು.

“ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ನಾವು ಆ ಬೀದಿಯವರೇ, ನಮ್ಮನ್ನ ಬಲವಂತವಾಗಿ ಬಿಡಿಸಿದ್ರು. ನಾಳೆ ನಮ್ಮಕ್ಕನ್ನ ಕರ್ಕೊಂಡು ಬರ್ತೀನಿ, ಅವಳ ಮುಂದೆ ಹೇಳಿ ನೋಡೋಣ.”

ಸಭೆ ಎರಡು ಪಕ್ಷವಾಯಿತು. ಬೆಂಕಿಯ ಹೊಗೆ ಕಂಡಿದ್ದೇನೆ ಎಂದವರಿದ್ದರು, ಅದು ಬೇರೆ ಬೀದಿಯದು ಎಂದವರೂ ಇದ್ದರು. ದೊಡ್ಡಕ್ಕನಿಗೆ ಮಾತ್ರ ಹತ್ತೊಂಬತ್ತು ಎಂಬುದರ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ.

ಭಾನುವಾರ ಆರಕ್ಕೆ ಐದು ನಿಮಿಷವಿರುವಾಗ ಹದಿನಾರು ಜನರಿದ್ದರು. ಆಮೇಲೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆಗಳು ಕೇಳಿದವು. ದರ್ಜಿ ಅಜ್ಜಿಯ ಎಂಬತ್ತೆಂಟರ ಅಕ್ಕನನ್ನು ಇಬ್ಬರು ಹಿಡಿದು ಹತ್ತಿಸುತ್ತಿದ್ದರು, ಹಿಂದೆ ಹಗ್ಗದ ಬೀದಿಯ ಹಳೆಯ ಮನೆಯವರು, ಮತ್ತೆ ಹಿಂದಿನ ದಿನದ ಎರಡೂ ಪಕ್ಷದವರು. ಕುರ್ಚಿಗಳು ಬಂದವು. ಲೆಕ್ಕ ಮೂವತ್ತಮೂರಕ್ಕೆ ನಿಂತಿತು.

ಅವರಲ್ಲಿ ಒಂಬತ್ತು ಮಂದಿ ಶನಿವಾರವೂ ಬಂದವರು. ಕಚೇರಿ ಒಂದೊಂದು ದಿನದ ಲೆಕ್ಕ ನೋಡುತ್ತದೆ, ಕೇಳಿದ್ದನ್ನೇ ಕೇಳಲು ಬಂದ ಅವರನ್ನು ಬಿಟ್ಟರೆ ಭಾನುವಾರಕ್ಕೆ ಇಪ್ಪತ್ತನಾಲ್ಕೇ. ಮೂವತ್ತಮೂರು ಎಂದಷ್ಟೇ ಬರೆದು ಮುಗಿಸಿ, ಯಾರು ಬಂದು ತಲೆ ಎಣಿಸುತ್ತಾರೆ ಎಂದ ಅಟೆಂಡರ್. ಸುಳ್ಳೇನೂ ಅಲ್ಲ. ದೊಡ್ಡಕ್ಕ ಮರುದಿನ ಮಧ್ಯಾಹ್ನದವರೆಗೆ ಪೆನ್ನು ಹಿಡಿದು ಕೂತರು. ಕೊನೆಗೆ ಎರಡೂ ದಿನದ ಸಂಖ್ಯೆ ಬರೆದು, ಒಂಬತ್ತು ಮಂದಿ ಎರಡನೆಯ ಸಲ ಬಂದವರೆಂದೂ ವಾರದ ತಪ್ಪು ತಮ್ಮದೆಂದೂ ಸೇರಿಸಿ ಕಳುಹಿಸಿದರು. ಆಮೇಲಿನ ಹನ್ನೆರಡು ದಿನ ಅವರು ಸರಿಯಾಗಿ ಊಟ ಮಾಡಿದ್ದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಸಭಾಂಗಣದಲ್ಲಿ ಕಡತಗಳ ಕಪಾಟುಗಳು ಎಷ್ಟು ಹಿಡಿಯುತ್ತವೆಂದು ಅಳೆಯಲು ಬಡಗಿಯೊಬ್ಬ ಬಂದುಹೋದ.

ಹದಿಮೂರನೆಯ ದಿನ ಆಡಳಿತಾಧಿಕಾರಿಗಳು ಕರೆಸಿದರು. ಅವರ ಮುಂದೆ ಆ ಹಾಳೆ ಇತ್ತು.

“ಈ ಒಂಬತ್ತು ಜನ ಕೇಳಿದ್ದನ್ನೇ ಕೇಳೋಕೆ ಯಾಕೆ ಬಂದ್ರು?”

“ಜಗಳ ಮುಗಿದಿರಲಿಲ್ಲ ಸಾರ್.”

“ಭಾನುವಾರ ಮುಗೀತಾ?”

ಹೌದೆಂದರೆ ಸಭಾಂಗಣಕ್ಕೆ ಒಳ್ಳೆಯದೋ, ಇಲ್ಲವೆಂದರೆ ಒಳ್ಳೆಯದೋ ದೊಡ್ಡಕ್ಕನಿಗೆ ತಿಳಿಯಲಿಲ್ಲ.

“ಇಲ್ಲ ಸಾರ್.”

ಅಧಿಕಾರಿಗಳು ಹಾಳೆಯನ್ನು ಮಡಿಸಿದರು. “ಹಾಗಾದ್ರೆ ಇನ್ನೊಂದು ವರ್ಷ ನಡೆಸಿ.”

ಆ ಒಂದು ವರ್ಷ ಈಗ ಏಳಾಗಿದೆ. ಒಮ್ಮೆಲೇ ಸಿಕ್ಕಿದ್ದಲ್ಲ, ಪ್ರತಿ ವರ್ಷ ಪತ್ರ ಬರೆಯಬೇಕು, ಪ್ರತಿ ವರ್ಷ ಕಾಯಬೇಕು. ದೊಡ್ಡಕ್ಕನ ಬೀಳ್ಕೊಡುಗೆಗಾಗಿ ನಾವು ತರುತ್ತಿರುವ ಈ ಪುಸ್ತಕ ಅಚ್ಚಿಗೆ ಹೋಗುವ ದಿನಕ್ಕೂ ಈ ವರ್ಷದ ಉತ್ತರ ಬಂದಿಲ್ಲ. ಅಂದಿನ ಜಗಳದಿಂದ ಶುರುವಾದ, ಹಗ್ಗದ ಬೀದಿಯವರ ನೆನಪುಗಳನ್ನು ಬರೆದಿಡುವ ಕೆಲಸಕ್ಕೆ ದೊಡ್ಡಕ್ಕ ನಿವೃತ್ತಿಯ ನಂತರವೂ ಬರುವುದಾಗಿ ಮಾತು ಕೊಟ್ಟಿದ್ದಾರೆ. ಕೋಣೆ ಇರುತ್ತದೋ ಇಲ್ಲವೋ, ಅವರು ಬರುತ್ತಾರೆ.

ಸಭಾಂಗಣದ ಆಯುಸ್ಸು ವರ್ಷದ ಲೆಕ್ಕದ್ದು. ದೊಡ್ಡಕ್ಕನ ಆಯುಸ್ಸಿಗೆ ಯಾರ ಪತ್ರವೂ ಬೇಕಾಗದಿರಲಿ. ಅವರು ಬಹುಕಾಲ ಆರೋಗ್ಯವಾಗಿರಲಿ, ಕೈಯಲ್ಲಿ ಕೆಲಸವಿರಲಿ, ಮೂರು ಹೊತ್ತೂ ಊಟ ಸೇರಲಿ.