ಗರಡಿಗೂ ಬಾಕ್ಸಿಂಗ್ ಶೆಡ್ಡಿಗೂ ಹೋದ ವರ್ಷ

ನನ್ನ ಮೊದಲ ಹೆಂಡತಿ ಟೈಫಾಯಿಡ್ ಬಂದು ತೀರಿಕೊಂಡಾಗ ನಮ್ಮ ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ತಿಥಿ ಮುಗಿದ ಮಾರನೆಯ ದಿನವೇ ನಾನು ಸೈಕಲ್ ಹತ್ತಿ ಕಾರ್ಖಾನೆಗೆ ಹೋದೆ. ಅಲ್ಲಿ ಎಲ್ಲರೂ ನನ್ನನ್ನು ಧೈರ್ಯಸ್ಥ ಎಂದರು. ಹೋಗದಿದ್ದರೆ ಆ ದಿನ ಇನ್ನೇನು ಮಾಡಬೇಕೆಂದು ನನಗೆ ತೋಚಿರಲಿಲ್ಲ, ಅಷ್ಟೆ. ಲೇತ್ ಮೆಷಿನ್ನಿನ ಮುಂದೆ ನಿಂತೆ, ಕೆಲಸ ಮಾಡಿದೆ, ಮನೆಗೆ ಬಂದೆ. ಅವ್ವ ಬಡಿಸಿದ್ದನ್ನು ಉಂಡೆ. ಮಲಗಿದೆ, ನಿದ್ದೆಯೂ ಬಂತು. ಅಳು ಮಾತ್ರ ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾಯುತ್ತಿದ್ದೆ. ಆಮೇಲೆ ಕಾಯುವುದನ್ನೂ ಬಿಟ್ಟೆ.

ನಮ್ಮದು ಸಾರಕ್ಕಿ. ಆಗಿನ್ನೂ ಅದು ಹಳ್ಳಿಯೇ. ನಮ್ಮ ಹೊಲ ಮಾತ್ರ ಜಯನಗರದ ಬಡಾವಣೆಗೆ ಸೇರಿ, ರಾಗಿ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲುಗಳು ನಿಂತಿದ್ದವು. ಅಪ್ಪ ಅದನ್ನೆಲ್ಲ ನೋಡುವ ಮೊದಲೇ ಹೋಗಿಬಿಟ್ಟಿದ್ದರು. ಮನೆಯಲ್ಲಿ ಉಳಿದವರು ನಾನು, ಅವ್ವ ಇಬ್ಬರೇ.

ಒಂದು ಭಾನುವಾರ ಬೆಳಿಗ್ಗೆ ನನ್ನ ಹೆಂಡತಿಯ ಅಣ್ಣ ಕೋಣನಕುಂಟೆಯಿಂದ ಸೈಕಲ್ಲಿನಲ್ಲಿ ಬಂದ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದೆವು. ನನಗಿಂತ ಸ್ವಲ್ಪ ದೊಡ್ಡವನು, ಬೇಸಾಯಗಾರ, ಸುತ್ತಲ ಹಳ್ಳಿಗಳಲ್ಲಿ ಹೆಸರಾದ ಪೈಲ್ವಾನ. ಕಿವಿಗಳು ಮಟ್ಟಿಗೆ ಉಜ್ಜಿ ಉಜ್ಜಿ ಕಜ್ಜಾಯದ ಹಾಗೆ ಮುದ್ದೆಯಾಗಿದ್ದವು. ಮಟ್ಟಿ ಎಂದರೆ ಗರಡಿಯಲ್ಲಿ ಕುಸ್ತಿಗೆಂದು ಹದ ಮಾಡಿ ಹಾಕಿದ ಕೆಮ್ಮಣ್ಣು. ಅವನು ಜಗಲಿಯ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದ. ತಂಗಿಯ ಮಾತೇ ಎತ್ತಲಿಲ್ಲ. ಲೋಟ ಕೆಳಗಿಟ್ಟು, "ಭಾವ, ನಡೀರಿ, ಗರಡಿಗೆ ಹೋಗಿ ಬರಾಣ" ಎಂದ.

"ನಂಗೇನು ಬರ್ತದೆ ಭಾವ?"

"ಬರೋದೇನೂ ಬ್ಯಾಡ. ಮಣ್ಣು ಅಗೀರಿ, ಸಾಕು."

ಹೋದೆ. ನಮ್ಮೂರ ಗರಡಿ ಹೆಂಚಿನ ಮಾಡಿನ ಸಣ್ಣ ಕಟ್ಟಡ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥವನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆಗಳು, ಎಣ್ಣೆ ಅರಿಶಿನ ಬೆರೆತ ಮಣ್ಣಿನ ವಾಸನೆ. ಕುಸ್ತಿ ಕಲಿಸುವ ಉಸ್ತಾದರು ಹಲ್ಲಿಲ್ಲದ ಮುದುಕರು. ಮೊದಲ ತಿಂಗಳು ನನಗೆ ಗುದ್ದಲಿ ಕೊಟ್ಟು ಮಟ್ಟಿ ಸಡಿಲಿಸುವ ಕೆಲಸವನ್ನೇ ಹಚ್ಚಿದರು. ಆಮೇಲೆ ದಂಡ, ಬಸ್ಕಿ. ಆಮೇಲೆ ಗದೆ ತಿರುಗಿಸುವುದು. ಮೈ ಮಾತು ಕೇಳಿತು. ತೋಳು ಬಲಿತವು, ಎದೆ ಅಗಲವಾಯಿತು. ಅವ್ವ ಹಳೆಯ ಅಂಗಿಗಳ ಹೊಲಿಗೆ ಬಿಚ್ಚಿಸಿ ದೊಡ್ಡದು ಮಾಡಿಸಿದಳು. ನನ್ನ ಮೈ ನನ್ನದೇ ಆದರೂ ಅದು ಪಕ್ಕದ ಮನೆಯವರ ಎತ್ತು ದಪ್ಪವಾದಂತೆ ನನಗೆ ಕಾಣುತ್ತಿತ್ತು.

ಕುಸ್ತಿಗೆ ಇಳಿಸಿದ ಮೇಲೆ ತೊಂದರೆ ಶುರುವಾಯಿತು. ಗರಡಿಯಲ್ಲಿ ಒಂದು ಪದ್ಧತಿ ಉಂಟು. ಎದುರಾಳಿ ಪಟ್ಟು ಹಾಕಿ ಕೈ ತಿರುಚಿದಾಗ ನೋವು ತಡೆಯದಾದರೆ ಕೂಗಬೇಕು, ಇಲ್ಲವೇ ನೆಲಕ್ಕೆ ಬಡಿಯಬೇಕು. ಅವನು ತಕ್ಷಣ ಬಿಡುತ್ತಾನೆ. ಒಂದು ದಿನ ನಮ್ಮೂರಿನ ಒಬ್ಬ ಹುರಿಯಾಳು ನನ್ನ ಬಲಗೈಯನ್ನು ಬೆನ್ನಿನ ಮೇಲಕ್ಕೆ ಏರಿಸುತ್ತಾ ಹೋದ. ನಾನು ಮಣ್ಣಿಗೆ ಕೆನ್ನೆಯೊತ್ತಿ ಮಲಗಿದ್ದೆ. ಮೂಗಿನ ಮುಂದೆ ಒಂದು ಇರುವೆ ಹೆಂಟೆ ಹತ್ತಿ ಇಳಿಯುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಭುಜದಲ್ಲಿ ಲಟಕ್ ಎಂದು ಸದ್ದಾಯಿತು. ಕೂಗಿದವನು ನಾನಲ್ಲ, ಅವನು. ಹೆದರಿ ಕೈಬಿಟ್ಟು ದೂರ ನಿಂತ.

ಉಸ್ತಾದರು ಭುಜ ನೀವಿ ಕೂರಿಸಿದರು. ಎಣ್ಣೆ ಹಚ್ಚುತ್ತಲೇ ಕೇಳಿದರು: "ನೋವಾಗ್ಲಿಲ್ವೇನ್ಲಾ?"

"ಆಯ್ತು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಮತ್ಯಾಕೆ ಬಡೀಲಿಲ್ಲ?"

ನಾನು ಕೆನ್ನೆಗೆ ಅಂಟಿದ ಮಣ್ಣು ಒರೆಸಿಕೊಂಡೆ. ಅವರು ಅಂದು ಜೊತೆಗೆ ಬಂದಿದ್ದ ಭಾವನ ಕಡೆ ತಿರುಗಿದರು. "ಇವ್ನು ಸಾಮು ಮಾಡ್ಲಿ, ಗದೆ ತಿರುಗಿಸ್ಲಿ. ಜೋಡಿ ಕುಸ್ತಿ ಬ್ಯಾಡ. ನೋವು ಅನ್ನದೇ ಇರೋನ ಜೊತೆ ಆಡಿದ್ರೆ ಆಡಿದೋನ ಕೈಗೆ ಪಾಪ ಸುತ್ಕತದೆ."

ಭಾವನಿಗೆ ಅವಮಾನವಾದಂತಾಯಿತು. ನನಗೇನೂ ಅನ್ನಿಸಲಿಲ್ಲ.

ಕಾರ್ಖಾನೆಯ ಹಿಂಭಾಗದಲ್ಲಿ ತಗಡಿನ ಶೆಡ್ಡೊಂದಿತ್ತು. ಸಂಜೆ, ಪಾಳಿ ಮುಗಿದ ಮೇಲೆ, ಕೆಲವರು ಅಲ್ಲಿ ಬಾಕ್ಸಿಂಗ್ ಮಾಡುತ್ತಿದ್ದರು. ಕಲಿಸುತ್ತಿದ್ದವರು ನಮ್ಮ ಫೋರ್‌ಮನ್. ಹಲಸೂರಿನವರು, ಮನೆಮಾತು ತಮಿಳು, ಹಿಂದೆ ಮಿಲಿಟರಿಯಲ್ಲಿದ್ದವರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದೆವು. ನನ್ನ ತೋಳು ನೋಡಿ ಅವರೇ ಕರೆದರು. "ಮಣ್ಣಲ್ಲಿ ಹೊರಳಾಡಿ ಬಾಡಿ ಬಂದಿದೆ ನಿಂಗೆ. ಆದ್ರೆ ಉಸಿರು ಬಂದಿಲ್ಲ ತಂಬಿ. ಬಾ, ಹಗ್ಗ ಹಾರು."

ಅವರು ಹೇಳಿದ್ದು ನಿಜವಾಗಿತ್ತು. ಗರಡಿಯಲ್ಲಿ ಗಂಟೆಗಟ್ಟಲೆ ಸಾಮು ಮಾಡುತ್ತಿದ್ದವನು ಹಗ್ಗ ಹಾರಲು ಹೋಗಿ ಸ್ವಲ್ಪ ಹೊತ್ತಿಗೇ ಏದುಸಿರು ಬಿಟ್ಟೆ. ಕುಸ್ತಿಯಲ್ಲಿ ಕಾಲು ನೆಲಕ್ಕೆ ಬೇರು ಬಿಟ್ಟಂತೆ ನಿಲ್ಲಬೇಕು. ಇಲ್ಲಿ ನಿಂತರೆ ಪೆಟ್ಟು. ಕುಸ್ತಿಯಲ್ಲಿ ಇನ್ನೊಬ್ಬನ ಬೆವರು, ಉಸಿರು, ಕೊನೆಗೆ ಅವನು ತಿಂದ ಬೆಳ್ಳುಳ್ಳಿಯ ವಾಸನೆಯೂ ನಮ್ಮ ಮೈಗೆ ಅಂಟುತ್ತದೆ. ಬಾಕ್ಸಿಂಗಿನಲ್ಲಿ ಅವನು ಒಂದು ಮಾರು ದೂರದಲ್ಲಿ ಕುಣಿಯುತ್ತಿರುತ್ತಾನೆ, ಬಂದು ಮುಟ್ಟಿ ಹೋಗುತ್ತಾನೆ. ಆ ದೂರ ನನಗೆ ಹಿತವೆನಿಸಿತು. ಯಾರೂ ನನ್ನನ್ನು ಹಿಡಿದುಕೊಳ್ಳುತ್ತಿರಲಿಲ್ಲ.

ಕೆಲವು ವಾರ ಶೆಡ್ಡಿನಲ್ಲಿ ನನ್ನಷ್ಟು ಬೇಕಾದವನು ಬೇರೆ ಯಾರೂ ಇರಲಿಲ್ಲ. ಎಲ್ಲರಿಗೂ ನನ್ನ ಜೊತೆಗೇ ಆಡಬೇಕು. ನಾನು ಹಿಂದೆ ಸರಿಯುತ್ತಿರಲಿಲ್ಲ, ಮುಖ ತಿರುಗಿಸುತ್ತಿರಲಿಲ್ಲ. ಮೂಗಿನಲ್ಲಿ ರಕ್ತ ಬಂದರೆ ಒರೆಸಿಕೊಂಡು ಮತ್ತೆ ನಿಲ್ಲುತ್ತಿದ್ದೆ. "ಗಂಡು ಅಂದ್ರೆ ಇವನಪ್ಪಾ" ಎಂದು ಬೆನ್ನು ತಟ್ಟುತ್ತಿದ್ದರು. ಮಾಸ್ಟರ್ ಒಬ್ಬರೇ ಸುಮ್ಮನೆ ನೋಡುತ್ತಿದ್ದರು. ಒಂದು ಸಂಜೆ ತಾವೇ ಗ್ಲೋವ್ಸ್ ಕಟ್ಟಿಕೊಂಡು ನನ್ನ ಮುಂದೆ ನಿಂತರು. ಕಣ್ಣಿನ ನೇರಕ್ಕೆ ಒಂದು ಗುದ್ದು ಬಿಟ್ಟು, ಮುಖಕ್ಕೆ ತಾಗುವ ಮೊದಲೇ ತಡೆದರು. ಮತ್ತೊಮ್ಮೆ ಬಿಟ್ಟರು, ಮತ್ತೆ ತಡೆದರು. ನಂತರ ಗ್ಲೋವ್ಸ್ ಬಿಚ್ಚಿದರು.

"ರೆಪ್ಪೆ ಹೊಡೀತಾ ಇಲ್ವಲ್ಲಯ್ಯ ನೀನು. ಎಂಥಾ ಚಾಂಪಿಯನ್ನಾದ್ರೂ ಹೊಡೀತಾನೆ." ಗ್ಲೋವ್ಸ್ ಬದಿಗಿಟ್ಟು, "ಮನೇಲಿ ಏನಾಯ್ತು?" ಎಂದರು.

"ಹೆಂಡತಿ ಹೋದ್ಲು ಮಾಸ್ಟರ್."

ಅವರು ನನ್ನ ಗ್ಲೋವ್ಸಿನ ದಾರವನ್ನೂ ಬಿಚ್ಚಿದರು. "ನೀನು ಹಗ್ಗ ಹಾರು. ಮರಳಿನ ಮೂಟೆಗೆ ಹೊಡಿ. ಮನುಷ್ಯರ ಜೊತೆ ಸದ್ಯಕ್ಕೆ ಬೇಡ." ಹೀಗೆ ಎರಡು ಕಡೆಯೂ ನನ್ನನ್ನು ಜೋಡಿಯಿಂದ ಹೊರಗಿಟ್ಟರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಕಾರ್ತೀಕದ ಒಂದು ಸಂಜೆ, ಇನ್ನೂ ಬೆಳಕಿದ್ದಾಗಲೇ, ಸಾರಕ್ಕಿ ಕೆರೆಯ ಏರಿಯ ಹತ್ತಿರ ಇಬ್ಬರು ನನ್ನ ಸೈಕಲ್ಲಿಗೆ ಅಡ್ಡ ನಿಂತರು. ಹೊಸ ಬಡಾವಣೆಯಲ್ಲಿ ಕಬ್ಬಿಣ, ಸಿಮೆಂಟು ಕದಿಯುವವರು ಇದ್ದಾರೆಂದು ಕೇಳಿದ್ದೆ. ಇವರು ಅವರೇ ಇರಬಹುದು. ಒಬ್ಬನ ಕೈಯಲ್ಲಿ ಸೆಂಟ್ರಿಂಗಿಗೆ ಬಳಸುವ ಮರದ ರೀಪರಿನ ತುಂಡು ಇತ್ತು.

"ಸೈಕಲ್ ಬಿಟ್ಟು ಹೋಗು" ಎಂದ.

ನಾನು ಇಳಿದು ಹ್ಯಾಂಡಲ್ ಹಿಡಿದು ನಿಂತೆ. ಕಲಿತ ಪಟ್ಟುಗಳಾಗಲೀ ಗುದ್ದುಗಳಾಗಲೀ ಒಂದೂ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ, ಅವು ಇಲ್ಲಿಗೆ ಸಂಬಂಧಪಟ್ಟವು ಎಂದೇ ಹೊಳೆಯಲಿಲ್ಲ. ಸೈಕಲ್ ಕೊಡಬಾರದು ಎಂಬ ಹಟವೂ ಇರಲಿಲ್ಲ. ಕೈ ಹಿಡಿದುಕೊಂಡಿತ್ತು, ನಾನು ಬಿಡಿಸಲಿಲ್ಲ. ಅವನು ನನ್ನ ಎಡ ಮುಂಗೈಗೆ ಹೊಡೆದ. ಮತ್ತೆ ಹೊಡೆದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಇನ್ನೊಬ್ಬ, "ಲೇ, ಇವನ್ಯಾಕೋ ಸರಿ ಇಲ್ಲ ಕಣೋ, ಬಾರೋ" ಎಂದು ಅವನ ಅಂಗಿ ಎಳೆದ. ಅಷ್ಟರಲ್ಲಿ ಕನಕಪುರ ರಸ್ತೆಯ ಕಡೆಯಿಂದ ಹುಲ್ಲಿನ ಗಾಡಿ ಬರುವ ಸದ್ದು ಕೇಳಿ ಇಬ್ಬರೂ ಏರಿ ಇಳಿದು ಓಡಿದರು.

ಮನೆಗೆ ಬಂದು ಉಣ್ಣಲು ಕೂತೆ. ಅವ್ವ ಮುದ್ದೆ ಇಟ್ಟು, ಉಪ್ಪಿನಕಾಯಿ ಬಾಟಲಿ ಕೊಡು ಎಂದಳು. ಎಡಗೈ ಚಾಚಿದರೆ ಬೆರಳು ಮಡಚಲಿಲ್ಲ. ಕೈ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವ್ವ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂಳೆ ಮುರಿದಿತ್ತು. ಮರುದಿನ ಆಸ್ಪತ್ರೆಯಲ್ಲಿ ಪ್ಲಾಸ್ಟರಿನ ಬಿಳಿ ಪಟ್ಟಿ ಹಾಕಿ ಕೊರಳಿಗೆ ತೂಗುಹಾಕಿದರು.

ಸುದ್ದಿ ಕೇಳಿ ಭಾನುವಾರ ಭಾವ ಬಂದ. ಅದೇ ಹೊತ್ತಿಗೆ ಮಾಸ್ಟರೂ ಮೂಸಂಬಿ ಹಿಡಿದು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಅವ್ವ ಇಬ್ಬರಿಗೂ ಕಾಫಿ ಕೊಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಜಗಲಿಯ ಮೇಲೆ ಜೋರು ವಾದ ಎದ್ದಿತು.

"ಕಾಲಿಗೆ ಕೈ ಹಾಕಿ ಎತ್ತಿ ಒಗೀಬೇಕಿತ್ತು" ಎಂದ ಭಾವ. "ಬೆನ್ನು ನೆಲಕ್ಕೆ ಬಿದ್ದೋನು ಎದ್ದು ಹೊಡೀತಾನ?"

"ಕಾಲು ಹಿಡಿಯಕ್ಕೆ ಬಗ್ಗಿದ್ರೆ ಎರಡನೇವನು ತಲೆ ಒಡೀತಾನೆ" ಎಂದರು ಮಾಸ್ಟರ್. "ಒಂದು ಮೂಗಿಗೆ, ಒಂದು ಗಲ್ಲಕ್ಕೆ. ಮುಗೀತು. ಸೈಕಲ್ ಹತ್ತಿ ಹೋಗ್ಬೋದಿತ್ತು."

"ಅದು ಹೊಡೆದಾಟ ಸಾರ್. ವಿದ್ಯೆ ಅಲ್ಲ."

"ಅಲ್ಲಿ ನಡೆದಿದ್ದೂ ಹೊಡೆದಾಟಾನೇ ಅಲ್ವೇನಯ್ಯ?"

ಅವ್ವ ಬಾಗಿಲ ಹತ್ತಿರದಿಂದ, "ಸೈಕಲ್ ಬಿಸಾಕಿ ಓಡಿ ಬರ್ಬೇಕಿತ್ತು. ನಿಮ್ಗೆ ಯಾರ್ಗೂ ಅದು ಗೊತ್ತಾಗಲ್ಲ" ಎಂದಳು. ಇಬ್ಬರೂ ತಮ್ಮ ವಾದಕ್ಕೇ ಮರಳಿದರು. ಇಷ್ಟು ವರ್ಷಗಳ ಮೇಲೆ ಯೋಚಿಸಿದರೆ ಅಂದು ಆ ಜಗಲಿಯಲ್ಲಿ ಸರಿಯಾಗಿ ಮಾತಾಡಿದವಳು ಅವಳೊಬ್ಬಳೇ ಎನ್ನಿಸುತ್ತದೆ.

ವಾದ ಬಾಯಲ್ಲಿ ಮುಗಿಯಲಿಲ್ಲ. ಮುಂದಿನ ಭಾನುವಾರ ಮಾಸ್ಟರ್ ಗ್ಲೋವ್ಸ್ ತಂದು ನಮ್ಮೂರ ಗರಡಿಗೆ ಬರುವುದೆಂದು ತೀರ್ಮಾನವಾಯಿತು. ಉಸ್ತಾದರು ಮೊದಲು ಮುಖ ಸಿಂಡರಿಸಿ ಆಮೇಲೆ ಒಪ್ಪಿದರು. ಅವರಿಗೂ ನೋಡುವ ಆಸೆ ಇತ್ತೆಂದು ಕಾಣುತ್ತದೆ.

ಬೆಳಿಗ್ಗೆ ಗರಡಿಯ ತುಂಬ ಜನ. ಮಾಸ್ಟರ್ ಬಾಗಿಲಲ್ಲಿ ಬೂಟು ಬಿಚ್ಚಿ, ತಲೆ ಬಗ್ಗಿಸಿ ಒಳಬಂದು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದು ಉಸ್ತಾದರಿಗೆ ಹಿಡಿಸಿತು. ಭಾವ ಲಂಗೋಟಿ ಬಿಗಿದು ತೊಡೆ ತಟ್ಟಿ ಇಳಿದ. ನಾನು ಪಟ್ಟಿ ಕಟ್ಟಿದ ಕೈ ಹೊತ್ತು ಗೋಡೆಗೆ ಒರಗಿ ನಿಂತೆ.

ಮೊದಮೊದಲು ಭಾವನಿಗೆ ಹತ್ತಿರ ಹೋಗಲೇ ಆಗಲಿಲ್ಲ. ಮಾಸ್ಟರಿಗೆ ಅವನಿಗಿಂತ ವಯಸ್ಸು ಜಾಸ್ತಿ, ತೂಕ ಕಡಿಮೆ. ಮಣ್ಣಿನಲ್ಲಿ ಕಾಲು ಹೂತರೂ ಬಿಡದೆ ಸುತ್ತುತ್ತಿದ್ದರು. ಭಾವ ಕೈ ಚಾಚಿದಾಗಲೆಲ್ಲ ಹಣೆಗೋ ಕೆನ್ನೆಗೋ ಒಂದು. ಜೋರಾಗಿ ಹೊಡೆಯುತ್ತಿರಲಿಲ್ಲ, ಆದರೂ ಪಟ್ ಪಟ್ ಎಂದು ಕೇಳಿಸುತ್ತಿತ್ತು. ಭಾವನ ತುಟಿ ಒಡೆಯಿತು. ಅವನು ತಲೆ ತಗ್ಗಿಸಿ, ಎರಡು ಪೆಟ್ಟು ತಿಂದುಕೊಂಡೇ ಒಳನುಗ್ಗಿದ. ಮಾಸ್ಟರನ್ನು ನಡುವಿಗೆ ಹಿಡಿದು ಎತ್ತಿ, ಮಗುವನ್ನು ಮಲಗಿಸುವಂತೆ ಅಂಗಾತ ಮಲಗಿಸಿದ. ಚಿತ್. ಜನ ಹೋ ಎಂದರು.

"ಸಾಕು, ಸಾಕಪ್ಪ, ಬಿಡು" ಎಂದು ಮಾಸ್ಟರ್ ನಗುತ್ತಾ ನೆಲಕ್ಕೆ ಗ್ಲೋವ್ ಬಡಿದರು.

ಭಾವ ಬಿಡಲಿಲ್ಲ. ಮುಖವನ್ನು ಅವರ ಹೆಗಲಿಗೆ ಹುದುಗಿಸಿ ಹಾಗೇ ಹಿಡಿದುಕೊಂಡಿದ್ದ. ಉಸ್ತಾದರು ಗದರಿದರು. ಆಗ ಅವನ ಬೆನ್ನು ಅಲುಗುತ್ತಿರುವುದು ನಮಗೆ ಕಂಡಿತು. ಅವನು ಅಳುತ್ತಿದ್ದ. "ನಮ್ ಹುಡ್ಗಿ ಹೋಗ್ಬಿಟ್ಲು ಸಾರ್. ನಾನೇ ಎತ್ಕೊಂಡು ಬೆಳೆಸಿದ್ದು ಅವಳ್ನ" ಎಂದ. ಗೊತ್ತಿಲ್ಲದ ಊರಿನ, ಆವತ್ತು ಎರಡನೆಯ ಸಲ ನೋಡಿದ ಮನುಷ್ಯನ ಹತ್ತಿರ ಹೇಳಿದ. ಮಾಸ್ಟರ್ ಕೆಳಗೆ ಮಲಗಿದ್ದಂತೆಯೇ ಅವನ ಬೆನ್ನನ್ನು ಗ್ಲೋವ್ಸ್ ಹಾಕಿದ ಕೈಯಿಂದ ಮೆಲ್ಲಗೆ ತಟ್ಟತೊಡಗಿದರು. ಒಬ್ಬೊಬ್ಬರೇ ಗರಡಿಯಿಂದ ಹೊರಗೆ ಹೋದರು.

ನಾನು ಹೋಗಲಿಲ್ಲ. ನಾನು ಹೋಗಿ ಭಾವನ ಪಕ್ಕ ಕೂರಬೇಕು, ನಾನೂ ಅಳಬೇಕು ಎಂದು ತಿಳಿಯುತ್ತಿತ್ತು. ಅಷ್ಟು ದಿನ ಅವನು ನನ್ನನ್ನು ಗರಡಿಗೆ ಕರೆತಂದದ್ದು ನನಗಾಗಿ ಎಂದುಕೊಂಡಿದ್ದೆ. ಕಾಲು ಕದಲಲಿಲ್ಲ. ಪಟ್ಟಿಯೊಳಗೆ ಕೈ ತುರಿಸುತ್ತಿತ್ತು, ಅದೊಂದೇ ಗೊತ್ತಾಗುತ್ತಿದ್ದದ್ದು.

ಪಟ್ಟಿ ಬಿಚ್ಚಿದ ಮೇಲೆ ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಬಾಕ್ಸಿಂಗ್ ಶೆಡ್ಡಿಗೆ ಹೋಗುವುದು ತಾನಾಗಿಯೇ ನಿಂತಿತು. ಗರಡಿಗೆ ಹೋಗುತ್ತಿದ್ದೆ. ಯುಗಾದಿ ಕಳೆದ ಮೇಲೆ ಉಸ್ತಾದರು, "ನೋವಾದ್ರೆ ಹೇಳ್ತೀಯೇನ್ಲಾ?" ಎಂದರು. "ಹೇಳ್ತೀನಿ" ಎಂದೆ. ಭಾವನ ಜೊತೆಗೇ ಬಿಟ್ಟರು. ಅವನು ಪಟ್ಟು ಹಾಕಿ ತಿರುಚಿದ. ನನಗೆ ಅಂಥದ್ದೇನೂ ಆಗಿರಲಿಲ್ಲ, ಆದರೂ "ಹಾ" ಎಂದೆ. ಅವನು ಬಿಟ್ಟ. ಮತ್ತೆ ಹಿಡಿದ, ಮತ್ತೆ "ಹಾ" ಎಂದೆ. ಎಷ್ಟೋ ತಿಂಗಳು ಹೀಗೆ ಲೆಕ್ಕ ಹಾಕಿಯೇ ಕೂಗುತ್ತಿದ್ದೆ. ಯಾವಾಗಿನಿಂದ ನಿಜವಾಗಿ ಕೂಗಿದೆನೋ ನನಗೆ ತಿಳಿಯದು.

ಮಾಸ್ಟರ್ ಮಾರನೆಯ ವರ್ಷ ಬೇರೆ ಊರಿನ ಕಾರ್ಖಾನೆಗೆ ವರ್ಗವಾಗಿ ಹೋದರು. ಹೋಗುವ ತನಕ ತಿಂಗಳಿಗೊಂದು ಭಾನುವಾರ ಗರಡಿಗೆ ಬಂದು ಭಾವನ ಜೊತೆ ಕೂತು ಹರಟುತ್ತಿದ್ದರು. ಮೈಗೆ ಗರಡಿ, ಉಸಿರಿಗೆ ಬಾಕ್ಸಿಂಗ್ ಎಂದು ಇಬ್ಬರೂ ಒಂದು ರಾಜಿಗೆ ಬಂದಿದ್ದರು. ಬೀದಿಯಲ್ಲಿ ಯಾವುದು ಎಂಬ ವಾದ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ.

ನನಗೆ ಎರಡನೆಯ ಮದುವೆಗೆ ಹೆಣ್ಣು ಹುಡುಕಿದವನೂ ಭಾವನೇ. ನಾನು ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವ್ವ ಬೇಕೆಂದಳು. ಮದುವೆಯ ದಿನ ಭಾವ ಬಿಳಿ ಪಂಚೆ ಎತ್ತಿಕಟ್ಟಿ ಪಂಕ್ತಿಯುದ್ದಕ್ಕೂ ಬಡಿಸುತ್ತಾ ಓಡಾಡಿದ. ನನ್ನ ಎಲೆಯ ಮುಂದೆ ಬಂದಾಗ ಬಗ್ಗಿ, "ಭಾವ, ಪಾಯಸ ಇನ್ನೊಂದಿಷ್ಟು?" ಎಂದ. ಪಕ್ಕದಲ್ಲಿ ಕೂತಿದ್ದ ಮದುವೆ ಹುಡುಗಿ ನಾನು ಏನು ಹೇಳುತ್ತೇನೋ ಎಂದು ನೋಡುತ್ತಿದ್ದಳು. "ಹಾಕಿ ಭಾವ" ಎಂದೆ. ಅವನು ಸೌಟು ತುಂಬ ಹಾಕಿ ಮುಂದಿನ ಎಲೆಗೆ ಹೋದ.